ಓದುವ ಯಂತ್ರಕ್ಕೆ ಎಷ್ಟು ನೆನಪು ಬೇಕು?



ಈ ದತ್ತಿ ಉಪನ್ಯಾಸಕ್ಕೆ ಒಂದು ಷರತ್ತಿದೆ. ವಿಷಯ ವಿಜ್ಞಾನದ್ದಿರಬೇಕು, ಮಾತು ಕನ್ನಡದಲ್ಲಿರಬೇಕು. ಹಾಗಾಗಿ ಈ ಸಭಾಂಗಣದಲ್ಲಿ ಶಬ್ದಮಣಿದರ್ಪಣ ಓದಿದವರೂ ಕಂಪೈಲರ್ ಪಾಠ ಓದಿದವರೂ ಅಕ್ಕಪಕ್ಕ ಕೂತಿದ್ದೀರಿ. ಒಬ್ಬರಿಗೆ ಗೊತ್ತಿರುವುದನ್ನೇ ಇನ್ನೊಬ್ಬರಿಗಾಗಿ ಹೇಳಬೇಕಾದಾಗ ಮೊದಲನೆಯವರು ಸ್ವಲ್ಪ ಸಹಿಸಿಕೊಳ್ಳಬೇಕು. ಸರದಿ ಇಬ್ಬರಿಗೂ ಬರುತ್ತದೆ.

ನಾನು ಹೇಳಹೊರಟಿರುವುದು ಇಷ್ಟೇ. ಪ್ರೋಗ್ರಾಮನ್ನು ಯಂತ್ರ ಹಲವು ಹಂತಗಳಲ್ಲಿ ಓದುತ್ತದೆ. ಒಂದು ಹಂತ ಹೆಚ್ಚು ಜಾಣ, ಇನ್ನೊಂದು ಕಡಿಮೆ ಜಾಣ ಎಂದು ನಮ್ಮ ಹುಡುಗರು ತಿಳಿದಿರುತ್ತಾರೆ. ನಿಜವಾದ ಭೇದ ಜಾಣತನದ್ದಲ್ಲ, ನೆನಪಿನದು. ಯಾವ ಹಂತಕ್ಕೆ ಎಷ್ಟು ನೆನಪಿಟ್ಟುಕೊಳ್ಳಲು ಅನುಮತಿ ಕೊಟ್ಟಿದ್ದೇವೆ ಎಂಬುದರ ಮೇಲೆ ಅದರ ಶಕ್ತಿ, ವೇಗ, ಮಿತಿ ಎಲ್ಲವೂ ನಿಂತಿವೆ. ಆ ಲೆಕ್ಕ ತಪ್ಪಿದಲ್ಲೆಲ್ಲ ಏನಾಯಿತು ಎಂಬ ಕತೆಗಳೂ ಇವೆ.

ಒಂದು ಸಾಲು ತೆಗೆದುಕೊಳ್ಳೋಣ:

ಬಡ್ಡಿ = ಅಸಲು * ದರ * ವರ್ಷ / 100

ಅಸಲು, ದರ, ವರ್ಷಗಳಿಗೆ ಮೊದಲೇ ಬೆಲೆ ಕೊಟ್ಟಿದ್ದರೆ ಈ ಸಾಲು ಪೈಥಾನ್‌ನಲ್ಲಿ ಇದ್ದ ಹಾಗೇ ಓಡುತ್ತದೆ. ಆ ಭಾಷೆಯಲ್ಲಿ ಚರಗಳಿಗೆ ಕನ್ನಡದ ಹೆಸರಿಡಬಹುದು ಎಂಬುದು ಹಲವರಿಗೆ ಇನ್ನೂ ತಿಳಿದಿಲ್ಲ. ನಮ್ಮ ಕಣ್ಣಿಗೆ ಇದು ಸರಳ ಬಡ್ಡಿಯ ಸೂತ್ರ. ಯಂತ್ರಕ್ಕೆ ಇದು ಒಂದರ ಹಿಂದೊಂದು ಬರುವ ಅಕ್ಷರಸಂಕೇತಗಳ ಸಾಲು, ಅಷ್ಟೇ. ಎಲ್ಲಿ ಪದ ಮುಗಿಯಿತು, ಯಾವುದು ಯಾವುದಕ್ಕೆ ಸೇರಿತು ಎನ್ನುವುದನ್ನು ಯಾರಾದರೂ ಬಿಡಿಸಿ ಹೇಳಬೇಕು.

ಹಳಗನ್ನಡ ಪದ್ಯ ಪಾಠ ಮಾಡುವವರು ಮೊದಲು ಪದ ಬಿಡಿಸುತ್ತಾರೆ, ಆಮೇಲೆ ಅನ್ವಯ ಕೂಡಿಸುತ್ತಾರೆ, ಕೊನೆಗೆ ತಾತ್ಪರ್ಯ. ಪ್ರೋಗ್ರಾಮನ್ನು ಓದಿ ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ನ ಕ್ರಮವೂ ಇದೇ. ಪದ ಬಿಡಿಸುವ ಭಾಗದ ಹೆಸರು ಲೆಕ್ಸರ್, ಅನ್ವಯ ಕೂಡಿಸುವ ಭಾಗದ ಹೆಸರು ಪಾರ್ಸರ್. ಲೆಕ್ಸರ್ ಮೇಲಿನ ಸಾಲನ್ನು ಒಂಬತ್ತು ಟೋಕನ್‌ಗಳಾಗಿ ಒಡೆಯುತ್ತದೆ: ನಾಲ್ಕು ಹೆಸರು, ಒಂದು ಸಂಖ್ಯೆ, ನಾಲ್ಕು ಚಿಹ್ನೆ. ಪಾರ್ಸರ್ ಅವುಗಳಿಂದ ಒಂದು ಮರ ಕಟ್ಟುತ್ತದೆ. ಬುಡದಲ್ಲಿ ಸಮಚಿಹ್ನೆ, ಅದರ ಒಂದು ಕೊಂಬೆಯಲ್ಲಿ ಬಡ್ಡಿ, ಇನ್ನೊಂದರಲ್ಲಿ ಭಾಗಾಕಾರ, ಅದರೊಳಗೆ ಗುಣಾಕಾರಗಳು.

ಈ ಹೋಲಿಕೆ ಒಂದು ಜಾಗದಲ್ಲಿ ಮುರಿಯುತ್ತದೆ, ಮುರಿಯುವ ಜಾಗವೇ ಮುಖ್ಯ. ‘ಅವನಲ್ಲ’ ಎಂದು ಬರೆದರೆ ‘ಅವನು ಅಲ್ಲ’ ಎಂದೂ ಬಿಡಿಸಬಹುದು, ‘ಅವ ನಲ್ಲ’ ಎಂದೂ ಬಿಡಿಸಬಹುದು. ಮೊದಲನೆಯದು ನಿರಾಕರಣೆ, ಎರಡನೆಯದು ಪ್ರೇಮ. ಯಾವುದು ಸರಿ ಎಂದು ಹಿಂದುಮುಂದಿನ ಅರ್ಥ ನೋಡದೆ ಹೇಳಲಾಗದು. ನಮ್ಮಲ್ಲಿ ಪದಚ್ಛೇದಕ್ಕೆ ತಾತ್ಪರ್ಯ ಬೇಕು, ತಾತ್ಪರ್ಯಕ್ಕೆ ಪದಚ್ಛೇದ ಬೇಕು, ನುರಿತ ಓದುಗ ಎರಡನ್ನೂ ಒಟ್ಟಿಗೆ ನಡೆಸುತ್ತಾನೆ. ಪ್ರೋಗ್ರಾಮಿಂಗ್ ಭಾಷೆ ಕಟ್ಟುವವರು ಇದನ್ನು ಬೇಕೆಂದೇ ಕೈಬಿಟ್ಟರು. ಪದ ಬಿಡಿಸುವವನು ಅರ್ಥ ಕೇಳಕೂಡದು, ಅನ್ವಯ ಕೇಳಕೂಡದು, ಕಣ್ಣೆದುರಿನ ಅಕ್ಷರ ನೋಡಿ ಮುಂದಕ್ಕೆ ಹೋಗಬೇಕು.

ಈ ಶಿಸ್ತು ಮೊದಲ ದಿನದಿಂದ ಇದ್ದದ್ದಲ್ಲ. ಐಬಿಎಮ್‌ನಲ್ಲಿ ಜಾನ್ ಬ್ಯಾಕಸ್ ತಂಡ 1957ರಲ್ಲಿ ಹೊರತಂದ ಫೋರ್ಟ್ರಾನ್‌ನಲ್ಲಿ ಪದಗಳ ನಡುವಿನ ಖಾಲಿ ಜಾಗಕ್ಕೆ ಬೆಲೆಯೇ ಇರಲಿಲ್ಲ. ‘ಡೂ 10 ಐ = 1, 5’ ಎಂದು ಬರೆದರೆ, ಐ ಎಂಬ ಚರಕ್ಕೆ 1ರಿಂದ 5ರವರೆಗೆ ಬೆಲೆ ಕೊಡುತ್ತ 10ನೆಯ ಗುರುತಿನ ಸಾಲಿನವರೆಗಿನ ಕೆಲಸವನ್ನು ಮತ್ತೆ ಮತ್ತೆ ಮಾಡು ಎಂದರ್ಥ. ಆ ಅಲ್ಪವಿರಾಮದ ಬದಲು ಕೈತಪ್ಪಿ ಚುಕ್ಕಿ ಬಿದ್ದರೆ? ಖಾಲಿ ಜಾಗಕ್ಕೆ ಬೆಲೆಯಿಲ್ಲವಲ್ಲ, ‘ಡೂ10ಐ’ ಎಂಬ ಒಂದೇ ಹೆಸರಿನ ಹೊಸ ಚರ ಹುಟ್ಟಿ ಅದಕ್ಕೆ 1.5 ಎಂಬ ಬೆಲೆ ಬಂದುಬಿಡುತ್ತದೆ. ತಪ್ಪೆಂದು ಯಾರೂ ಹೇಳುವುದಿಲ್ಲ. ಸಾಲಿನ ಮೊದಲ ಪದ ಎಲ್ಲಿ ಮುಗಿಯಿತು ಎಂದು ತಿಳಿಯಲು ಸಾಲಿನ ಕೊನೆಯ ತನಕ ಇಣುಕಬೇಕು. 1962ರಲ್ಲಿ ಮಾರಿನರ್ 1 ಬಾಹ್ಯಾಕಾಶ ನೌಕೆ ನಾಶವಾದದ್ದು ಇದೇ ಚುಕ್ಕಿಯಿಂದ ಎಂದು ಪಠ್ಯಪುಸ್ತಕಗಳಲ್ಲೂ ಬರೆದಿರುತ್ತಾರೆ. ಅದು ಸುಳ್ಳು. ಆ ನೌಕೆಯದು ಮಾರ್ಗದರ್ಶನದ ಸಮೀಕರಣವೊಂದನ್ನು ನಕಲು ಮಾಡುವಾಗ ಬಿಟ್ಟುಹೋದ ಒಂದು ಗೆರೆಯ ಕತೆ. ಆದರೆ ಚುಕ್ಕಿಯ ಅಪಾಯ ಸುಳ್ಳಲ್ಲ. ಮುಂದೆ ಬಂದ ಭಾಷೆಗಳಲ್ಲಿ ಬಹುಪಾಲು ಈ ಉದಾರತೆಯನ್ನು ಬಿಟ್ಟುಕೊಟ್ಟವು.

ಲೆಕ್ಸರ್ ಒಳಗೆ ಇರುವುದು ಏನು? ಗಣಿತದ ಮಾತಿನಲ್ಲಿ ಅದೊಂದು ಸೀಮಿತ ಸ್ಥಿತಿಗಳ ಯಂತ್ರ. ಸಂಖ್ಯೆ ಗುರುತಿಸುವುದನ್ನೇ ನೋಡಿ. ಆರಂಭದ ಸ್ಥಿತಿಯಲ್ಲಿ ಅಂಕಿ ಸಿಕ್ಕರೆ ‘ಪೂರ್ಣಾಂಕದ ಒಳಗಿದ್ದೇನೆ’ ಎಂಬ ಸ್ಥಿತಿಗೆ ಹೋಗುತ್ತದೆ. ಅಲ್ಲಿ ಮತ್ತೆ ಅಂಕಿ ಸಿಕ್ಕರೆ ಅಲ್ಲೇ ಉಳಿಯುತ್ತದೆ. ಚುಕ್ಕಿ ಸಿಕ್ಕರೆ ‘ದಶಮಾಂಶಕ್ಕೆ ಕಾಯುತ್ತಿದ್ದೇನೆ’ ಎಂಬ ಸ್ಥಿತಿ. ಬೇರೇನಾದರೂ ಸಿಕ್ಕರೆ ಸಂಖ್ಯೆ ಮುಗಿಯಿತು. ಇಷ್ಟರಲ್ಲಿ ಅದು ಎಷ್ಟು ಅಂಕಿ ನೋಡಿತು, ಮೊದಲ ಅಂಕಿ ಯಾವುದು ಎಂಬುದೊಂದೂ ಅದಕ್ಕೆ ನೆನಪಿಲ್ಲ. ನೆನಪಿರುವುದು ಒಂದೇ, ತಾನು ಈಗ ಯಾವ ಸ್ಥಿತಿಯಲ್ಲಿದ್ದೇನೆ ಎಂಬುದು. ಇಂಥ ಯಂತ್ರಗಳ ಮೂಲ ಹುಡುಕುತ್ತ ಹೋದರೆ ಕಂಪ್ಯೂಟರ್ ಸಿಗುವುದಿಲ್ಲ, ಮಿದುಳು ಸಿಗುತ್ತದೆ. ಮೆಕಲಕ್ ಮತ್ತು ಪಿಟ್ಸ್ 1943ರಲ್ಲಿ ನರಕೋಶಗಳಿಗೆ ಒಂದು ಗಣಿತ ಮಾದರಿ ಕೊಟ್ಟಿದ್ದರು. ಅಂಥ ಜಾಲ ಯಾವ ಯಾವ ಘಟನಾಸರಣಿಗಳನ್ನು ಗುರುತಿಸಬಲ್ಲದು ಎಂದು 1951ರಲ್ಲಿ ಪ್ರಶ್ನಿಸಿಕೊಂಡವರು ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೀನಿ. ಉತ್ತರವಾಗಿ ಅವರು ಕಂಡುಕೊಂಡ ಬರವಣಿಗೆಯ ಕ್ರಮವೇ ಇವತ್ತಿನ ರೆಗ್ಯುಲರ್ ಎಕ್ಸ್‌ಪ್ರೆಶನ್. ಹುಡುಗರ ಬಾಯಲ್ಲಿ ಅದು ರೆಜೆಕ್ಸ್. ‘ಇದನ್ನು ಎಷ್ಟು ಸಲ ಬೇಕಾದರೂ’ ಎನ್ನಲು ಹಾಕುವ ನಕ್ಷತ್ರಕ್ಕೆ ಇಂದಿಗೂ ಅವರ ಹೆಸರೇ ಇದೆ.

ಲೆಕ್ಸರ್‌ಗೆ ಇನ್ನೊಂದು ನಿಯಮ: ಸಾಧ್ಯವಾದಷ್ಟು ಉದ್ದದ ತುತ್ತು ತೆಗೆದುಕೊ. 100 ಎಂಬುದು ಒಂದು, ಸೊನ್ನೆ, ಸೊನ್ನೆ ಆಗದೆ ನೂರು ಆಗುವುದು ಇದರಿಂದ. ಈ ಮೊಂಡು ನಿಯಮದ ಫಲ ನೋಡಬೇಕಾದರೆ ಸಿ ಭಾಷೆಯಲ್ಲಿ ‘ಅ+++++ಬ’ ಎಂದು ಬರೆದಂತೆ ಊಹಿಸಿ, ಅ, ಬ ಎರಡೂ ಪೂರ್ಣಾಂಕದ ಚರಗಳು, ++ ಎಂದರೆ ಚರದ ಬೆಲೆಯನ್ನು ಒಂದು ಹೆಚ್ಚಿಸು ಎಂದು. ‘ಅ++ + ++ಬ’ ಎಂದು ಬಿಡಿಸಿದರೆ ಒಳ್ಳೆಯ ಅರ್ಥವಿದೆ. ಲೆಕ್ಸರ್ ಹಾಗೆ ಬಿಡಿಸುವುದಿಲ್ಲ. ಎರಡು ಕೂಡು ಚಿಹ್ನೆ ಒಂದು ತುತ್ತು, ಇನ್ನೆರಡು ಇನ್ನೊಂದು ತುತ್ತು, ಉಳಿದದ್ದು ಒಂದು: ‘ಅ++ ++ + ಬ’. ಅದಕ್ಕೆ ಅರ್ಥವಿಲ್ಲ, ಪ್ರೋಗ್ರಾಮ್ ತಿರಸ್ಕೃತ. ಅರ್ಥವಿರುವ ಬಿಡಿಸುವಿಕೆ ಪಕ್ಕದಲ್ಲೇ ಇದ್ದರೂ ಅದನ್ನು ಹುಡುಕಲು ಅದಕ್ಕೆ ಅಧಿಕಾರವಿಲ್ಲ.

ಲೆಕ್ಸರ್ ಅರ್ಥ ಕೇಳಕೂಡದು ಎಂಬ ಈ ಗೆರೆಯನ್ನು ಭಾಷೆ ಕಟ್ಟುವವರು ದಾಟಿದ ಉದಾಹರಣೆಗಳು ಬೇಕಾದಷ್ಟಿವೆ. ಸಿ++ನಲ್ಲಿ ಟೆಂಪ್ಲೇಟ್‌ಗಳು ಒಂದರೊಳಗೊಂದು ಬಂದು ಕೊನೆಯಲ್ಲಿ ‘>>’ ಎಂದು ಮುಗಿದರೆ ಲೆಕ್ಸರ್ ಅದನ್ನು ಬಲಕ್ಕೆ ಸರಿಸುವ ಒಂದೇ ಚಿಹ್ನೆ ಎಂದು ನುಂಗುತ್ತಿತ್ತು. 2011ರ ಪರಿಷ್ಕರಣೆ ಬರುವ ತನಕ ಜಗತ್ತಿನ ಸಿ++ ಪ್ರೋಗ್ರಾಮರುಗಳೆಲ್ಲ ನಡುವೆ ಒಂದು ಖಾಲಿ ಜಾಗ ಬಿಡುತ್ತಲೇ ಬಂದರು. ಸಿ ಭಾಷೆಯಲ್ಲಿ ‘(ಅ) * ಬ’ ಎಂದರೆ ಗುಣಾಕಾರವೋ, ಅಥವಾ ಬ ತೋರಿಸುವ ಜಾಗದ ಬೆಲೆಯನ್ನು ಅ ಎಂಬ ಮಾದರಿಗೆ ಬದಲಿಸುವುದೋ ಎಂಬುದು ಅ ಎಂಬ ಹೆಸರನ್ನು ಹಿಂದೆ ಹೇಗೆ ಘೋಷಿಸಿದ್ದಾರೆ ಎಂಬುದರ ಮೇಲಿದೆ. ಹಾಗಾಗಿ ಪಾರ್ಸರ್ ಕಂಡದ್ದನ್ನು ಗುಟ್ಟಾಗಿ ಲೆಕ್ಸರ್ ಕಿವಿಗೆ ಹೇಳುವ ಏರ್ಪಾಡು ಬೇಕಾಯಿತು. ಅದಕ್ಕೆ ವೃತ್ತಿಯವರ ನಡುವೆ ‘ಲೆಕ್ಸರ್ ಹ್ಯಾಕ್’ ಎಂಬ ಹೆಸರೇ ಇದೆ. ಪೈಥಾನ್‌ದು ಬೇರೆ ದಾರಿ. ಅಲ್ಲಿ ಸಾಲಿನ ಆರಂಭದ ಖಾಲಿ ಜಾಗಕ್ಕೆ ಅರ್ಥವಿದೆ, ಎಷ್ಟು ಒಳಸರಿದಿದೆ ಎಂಬುದರ ಮೇಲೆ ಯಾವುದು ಯಾವುದರೊಳಗೆ ಎಂಬುದು ನಿರ್ಧಾರ. ಅದಕ್ಕಾಗಿ ಅದರ ಲೆಕ್ಸರ್ ಹಿಂದಿನ ಒಳಸರಿತಗಳ ಪಟ್ಟಿಯೊಂದನ್ನು ಒಂದರ ಮೇಲೊಂದು ಪೇರಿಸಿಟ್ಟುಕೊಳ್ಳುತ್ತದೆ, ಒಳಹೊಕ್ಕಾಗ ಒಂದು ಟೋಕನ್, ಹೊರಬಂದಾಗ ಒಂದು ಟೋಕನ್ ಹುಟ್ಟಿಸುತ್ತದೆ. ಅಂದರೆ ಪೈಥಾನ್ ಕಟ್ಟಿದ ಗೈಡೊ ವಾನ್ ರಾಸಮ್ ತಮ್ಮ ಲೆಕ್ಸರ್‌ಗೆ ಸ್ವಲ್ಪ ಹೆಚ್ಚು ನೆನಪನ್ನು ಲೆಕ್ಕವಿಟ್ಟು ಕೊಟ್ಟರು. ಸಿ ಭಾಷೆಯ ಗುಟ್ಟಿನ ಏರ್ಪಾಡಿಗಿಂತ ಇದು ಮೇಲು ಎಂಬುದು ನನ್ನ ಅಭಿಪ್ರಾಯ. ಕೊಡುವುದಾದರೆ ತೆರೆದು ಕೊಡಬೇಕು.

ಈಗ ಪಾರ್ಸರ್. ಸೀಮಿತ ಸ್ಥಿತಿಯ ಯಂತ್ರವೇ ಇಡೀ ಕೆಲಸ ಏಕೆ ಮಾಡಬಾರದು? ಕಾರಣ ಆವರಣ ಚಿಹ್ನೆಗಳು. ಇದರ ಸಾಧನೆ ಎಷ್ಟು ಸೊಗಸಾಗಿದೆಯೆಂದರೆ, ಸಾಹಿತ್ಯದ ವಿದ್ಯಾರ್ಥಿಗಳೂ ಒಂದು ನಿಮಿಷ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ನಿಮ್ಮ ಯಂತ್ರಕ್ಕೆ 50 ಸ್ಥಿತಿಗಳಿವೆ ಎನ್ನಿ. ಅದಕ್ಕೆ ತೆರೆಯುವ ಆವರಣಗಳನ್ನು ಒಂದೊಂದಾಗಿ 51 ಸಲ ಉಣಿಸಿ, ಪ್ರತಿ ಸಲವೂ ಅದು ಯಾವ ಸ್ಥಿತಿಯಲ್ಲಿದೆ ಎಂದು ಬರೆದಿಡಿ. ಇರುವುದು 50 ಸ್ಥಿತಿ, ಬರೆದದ್ದು 51 ಸಲ. ಯಾವುದೋ ಒಂದು ಸ್ಥಿತಿ ಎರಡು ಸಲ ಬಂದಿರಲೇಬೇಕು. 7ನೆಯ ಆವರಣದ ಬಳಿಕವೂ 23ನೆಯದರ ಬಳಿಕವೂ ಒಂದೇ ಸ್ಥಿತಿ ಇತ್ತು ಎಂದುಕೊಳ್ಳೋಣ. ಈಗ ಏಳು ಮುಚ್ಚುವ ಆವರಣ ಕೊಟ್ಟರೆ, ಏಳು ತೆರೆದಿದ್ದಲ್ಲಿ ‘ಸರಿ’ ಎನ್ನಬೇಕು, ಇಪ್ಪತ್ತಮೂರು ತೆರೆದಿದ್ದಲ್ಲಿ ‘ತಪ್ಪು’ ಎನ್ನಬೇಕು. ಆದರೆ ಅದಕ್ಕೆ ಎರಡೂ ಒಂದೇ. ಎಲ್ಲಿಂದ ಬಂದೆನೆಂಬುದನ್ನು ಅದು ಮರೆತಿದೆ. 50ರ ಬದಲು 50 ಕೋಟಿ ಸ್ಥಿತಿ ಕೊಟ್ಟರೂ ಇದೇ ಪಾಡು, ಸೋಲು ಸ್ವಲ್ಪ ತಡವಾಗುತ್ತದೆ, ಅಷ್ಟೇ.

ಹಾಗಾಗಿ ಪಾರ್ಸರ್‌ಗೆ ಸ್ಟ್ಯಾಕ್ ಎಂಬ ನೆನಪು ಕೊಡುತ್ತೇವೆ. ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯಬೇಕು, ನಡುವಿನದನ್ನು ಮುಟ್ಟುವಂತಿಲ್ಲ. ಆಳಕ್ಕೆ ಮಿತಿಯಿಲ್ಲ, ಆದರೆ ಕಾಣುವುದು ಮೇಲಿನದೊಂದೇ. ಜರ್ಮನಿಯ ಬಾವರ್ ಮತ್ತು ಸಾಮೆಲ್ಸನ್ 1950ರ ದಶಕದಲ್ಲೇ ಇದರ ಬೆಲೆ ಅರಿತಿದ್ದರು. ಆಮ್‌ಸ್ಟರ್‌ಡಾಮ್‌ನ ಗಣಿತ ಕೇಂದ್ರದಲ್ಲಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಮತ್ತು ಯಾಪ್ ಜೊನೆವೆಲ್ಡ್ 1960ರಲ್ಲಿ ಅಲ್ಗಾಲ್ 60 ಭಾಷೆಗೆ ಕಂಪೈಲರ್ ಕಟ್ಟಿದರು. ಗಣಿತದ ಸೂತ್ರಗಳನ್ನು ಸ್ಟ್ಯಾಕ್ ಬಳಸಿ ಓದಲು ಡೈಕ್‌ಸ್ಟ್ರಾ ರೂಪಿಸಿದ ಕ್ರಮಕ್ಕೆ ರೈಲ್ವೆಯ ಶಂಟಿಂಗ್ ಯಾರ್ಡ್ ಹೆಸರು ಬಿತ್ತು. 2 + 3 * 4 ಎಂಬುದನ್ನು ಅದು ಹೀಗೆ ಓದುತ್ತದೆ. 2 ಬಂತು, ಹೋಗಲಿ. ಕೂಡು ಚಿಹ್ನೆ ಬಂತು, ಸ್ಟ್ಯಾಕ್ ಮೇಲೆ ಕಾಯಲಿ. 3 ಬಂತು, ಹೋಗಲಿ. ಗುಣಾಕಾರ ಬಂತು. ಕಾದಿರುವ ಕೂಡು ಚಿಹ್ನೆಗಿಂತ ಇದರ ಪಟ್ಟು ಬಿಗಿ, ಆದ್ದರಿಂದ ಕೂಡು ಚಿಹ್ನೆ ಇನ್ನೂ ಕಾಯಲಿ, ಅದರ ಮೇಲೆ ಗುಣಾಕಾರ ಕೂರಲಿ. 4 ಬಂತು, ಸಾಲು ಮುಗಿಯಿತು. ಮೇಲಿನಿಂದ ತೆಗೆಯುತ್ತ ಬಂದರೆ ಮೊದಲು 12, ಆಮೇಲೆ 14.

ಅಲ್ಗಾಲ್ 60ರ ಹೆಸರು ಬಂದಮೇಲೆ ವ್ಯಾಕರಣಕ್ಕೆ ಬರಲೇಬೇಕು. ಭಾಷೆಯೊಂದರಲ್ಲಿ ಯಾವುದು ಸಾಧು, ಯಾವುದು ಅಸಾಧು ಎಂಬುದನ್ನು ನಿಯಮಗಳಲ್ಲಿ ಬರೆಯುವ ಕ್ರಮವನ್ನು ಬ್ಯಾಕಸ್ 1959ರಲ್ಲಿ ಪ್ಯಾರಿಸ್‌ನ ಯುನೆಸ್ಕೊ ಸಮ್ಮೇಳನದಲ್ಲಿ ಮಂಡಿಸಿದರು. ಡೆನ್ಮಾರ್ಕಿನ ಪೀಟರ್ ನಾರ್ ಅದನ್ನು ತಿದ್ದಿ 1960ರ ಅಲ್ಗಾಲ್ ವರದಿಯಲ್ಲಿ ಬಳಸಿದರು. ಅದರ ಬಗೆ ಹೀಗೆ:

ಮೊತ್ತ → ಮೊತ್ತ + ಗುಣಲಬ್ಧ, ಅಥವಾ ಬರಿಯ ಗುಣಲಬ್ಧ
ಗುಣಲಬ್ಧ → ಗುಣಲಬ್ಧ * ಅಂಶ, ಅಥವಾ ಬರಿಯ ಅಂಶ
ಅಂಶ → ಸಂಖ್ಯೆ, ಅಥವಾ ( ಮೊತ್ತ )

ಮೂರೇ ಸಾಲು. ಗುಣಾಕಾರ ಮೊದಲು, ಸಂಕಲನ ಆಮೇಲೆ ಎಂಬ ಶಾಲೆಯ ನಿಯಮ ಎಲ್ಲೂ ಬರೆದಿಲ್ಲ, ಆದರೆ ನಿಯಮಗಳ ಜೋಡಣೆಯಲ್ಲೇ ಅಡಗಿದೆ. ಸಂಕಲನದ ಜಾಗದಲ್ಲಿ ವ್ಯವಕಲನ ಇಟ್ಟು ನೋಡಿ. ‘ಮೊತ್ತ’ ಎಡಗಡೆ ಇರುವುದರಿಂದಲೇ 10 - 4 - 3 ಎಂಬುದಕ್ಕೆ 3 ಬರುತ್ತದೆ. ಅದನ್ನು ಬಲಗಡೆ ಬರೆದಿದ್ದರೆ 9 ಬರುತ್ತಿತ್ತು. ಮೂರನೆಯ ಸಾಲು ಸುತ್ತಿ ಮೊದಲನೆಯದಕ್ಕೆ ಹೋಗುತ್ತದೆ, ಎಷ್ಟು ಆಳದ ಆವರಣಕ್ಕೂ ಅವಕಾಶ ಅಲ್ಲಿಂದ ಬಂತು.

ಕನ್ನಡ ವಿಭಾಗದವರು ಈಗ ಕಾಯುತ್ತಿರುವ ಹೆಸರು ಪಾಣಿನಿ. ಹೌದು, ಪೀಟರ್ ಇಂಗರ್‌ಮನ್ ಎಂಬುವರು 1967ರಲ್ಲಿ ಅಮೆರಿಕದ ಎಸಿಎಮ್ ಸಂಸ್ಥೆಯ ಪತ್ರಿಕೆಗೆ ಪತ್ರ ಬರೆದು ಈ ಕ್ರಮವನ್ನು ‘ಪಾಣಿನಿ-ಬ್ಯಾಕಸ್ ರೂಪ’ ಎಂದು ಕರೆಯಬೇಕೆಂದು ಸೂಚಿಸಿದರು. ಅಷ್ಟಾಧ್ಯಾಯಿಯ ಸುಮಾರು 4000 ಸೂತ್ರಗಳಲ್ಲಿ ಒಂದನ್ನು ಇನ್ನೊಂದರಿಂದ ಬದಲಿಸುವ ನಿಯಮಗಳಿವೆ, 14 ಮಾಹೇಶ್ವರ ಸೂತ್ರಗಳಿಂದ ಕಟ್ಟಿದ ಪ್ರತ್ಯಾಹಾರಗಳಲ್ಲಿ ಇಡೀ ವರ್ಣಗುಂಪಿಗೆ ಎರಡಕ್ಷರದ ಗುರುತಿದೆ. ಇವತ್ತಿನ ರೆಜೆಕ್ಸ್‌ನಲ್ಲಿ ಅಕ್ಷರಗುಂಪು ಬರೆಯುವವರು ಅದನ್ನು ನೋಡಿ ಬೆರಗಾಗಲು ಎಲ್ಲ ಕಾರಣಗಳೂ ಇವೆ. ಇಷ್ಟರ ಮೇಲೆ ‘ಕಂಪ್ಯೂಟರ್ ವಿಜ್ಞಾನವೆಲ್ಲ ನಮ್ಮಲ್ಲೇ ಇತ್ತು’ ಎಂಬ ಭಾಷಣ ಶುರುವಾಗುತ್ತದೆ. ಆ ಭಾಷಣ ನನಗೆ ಸಮ್ಮತವಲ್ಲ. ಪಾಣಿನಿಗೆ ಅದರ ಅಗತ್ಯವೂ ಇಲ್ಲ.

ಪಾಣಿನಿಯ ಸೂತ್ರಗಳೂ ಶಬ್ದಮಣಿದರ್ಪಣ ಬರೆದ ನಮ್ಮ ಕೇಶಿರಾಜನ ಸೂತ್ರಗಳೂ ಮಾಡುವುದು ರೂಪಸಿದ್ಧಿ. ಮಳೆ ಮತ್ತು ಕಾಲ ಸೇರಿದರೆ ಆದೇಶ ಸಂಧಿಯಿಂದ ಮಳೆಗಾಲ. ಕಕಾರಕ್ಕೆ ಗಕಾರ ಬಂತು, ಶಾಲೆಯ ಹುಡುಗನೂ ಹೇಳುತ್ತಾನೆ. ಹೀಗೆ ಮುಂದಕ್ಕೆ ಹೋಗುವುದು ಸುಲಭ, ನಿಯಮ ಕೈಹಿಡಿದು ನಡೆಸುತ್ತದೆ. ಪಾರ್ಸರ್ ಹೋಗಬೇಕಾದದ್ದು ಹಿಂದಕ್ಕೆ. ಅದರ ಮುಂದೆ ‘ಮಳೆಗಾಲ’ ಮಾತ್ರ ಇದೆ. ಆ ಗಕಾರ ಮೊದಲಿನಿಂದ ಗಕಾರವೇ ಆಗಿತ್ತೋ, ಆದೇಶವಾಗಿ ಬಂದದ್ದೋ? ಯಾವ ನಿಯಮ, ಯಾವ ಜಾಗದಲ್ಲಿ, ಯಾವ ಕ್ರಮದಲ್ಲಿ ಬಿತ್ತು? ನಿಯಮ ಬರೆಯುವುದು ಒಂದು ವಿದ್ಯೆ, ನಿಯಮದ ಹೆಜ್ಜೆಯನ್ನು ಹಿಮ್ಮುಖವಾಗಿ ಪತ್ತೆಮಾಡುವುದು ಇನ್ನೊಂದು ವಿದ್ಯೆ. ಎರಡನೆಯದಕ್ಕೆ ಎಷ್ಟು ಸಮಯ ಹಿಡಿಯುತ್ತದೆ, ಎಷ್ಟು ನೆನಪು ಬೇಕು ಎಂದು ಪ್ರಶ್ನೆ ಕೇಳಿದ್ದು ಇಪ್ಪತ್ತನೆಯ ಶತಮಾನ. ಎಡದಿಂದ ಬಲಕ್ಕೆ ಒಂದೇ ಸಲ ಓದುತ್ತ, ಹಿಂದಿರುಗಿ ನೋಡದೆ, ಸ್ಟ್ಯಾಕ್ ಒಂದನ್ನೇ ನಂಬಿ ಓದಬಹುದಾದ ವ್ಯಾಕರಣಗಳು ಯಾವುವು ಎಂದು 1965ರಲ್ಲಿ ತೋರಿಸಿದವರು ಡೊನಾಲ್ಡ್ ಕನೂತ್. ನನ್ನ ಮಟ್ಟಿಗೆ ಈ ಶಾಸ್ತ್ರದ ಶಿಖರ ಆ ಲೇಖನ.

ಅದರ ಫಲವಾಗಿ ಬೆಲ್ ಲ್ಯಾಬ್ಸ್‌ನಲ್ಲಿ 1970ರ ದಶಕದಲ್ಲಿ ಎರಡು ಉಪಕರಣ ಬಂದವು. ಪದಗಳ ರೂಪ ಬರೆದುಕೊಟ್ಟರೆ ಲೆಕ್ಸರ್ ತಾನೇ ಬರೆಯುವ ಲೆಕ್ಸ್, ವ್ಯಾಕರಣ ಬರೆದುಕೊಟ್ಟರೆ ಪಾರ್ಸರ್ ತಾನೇ ಬರೆಯುವ ಯಾಕ್. ಯಾಕ್ ಬರೆದವರು ಸ್ಟೀಫನ್ ಜಾನ್ಸನ್. ಲೆಕ್ಸ್ ಬರೆದವರು ಮೈಕ್ ಲೆಸ್ಕ್ ಮತ್ತು ಎರಿಕ್ ಶ್ಮಿಟ್, ಮುಂದೆ ಗೂಗಲ್‌ನ ಮುಖ್ಯಸ್ಥರಾದ ಅದೇ ಶ್ಮಿಟ್. ಇನ್ನು ಪಾರ್ಸರ್ ಕೈಯಲ್ಲಿ ಬರೆಯುವ ಕಾಲ ಮುಗಿಯಿತು ಎಂದು ಎಲ್ಲರೂ ತಿಳಿದರು. ಮುಗಿಯಲಿಲ್ಲ. ಜಿಸಿಸಿ ಕಂಪೈಲರ್ 2004ರಲ್ಲಿ ಸಿ++ಗೆ, 2006ರಲ್ಲಿ ಸಿಗೆ ಕೈಬರಹದ ಪಾರ್ಸರ್‌ಗೆ ಬದಲಾಯಿತು. ಸರಿಯಾದ ಪ್ರೋಗ್ರಾಮನ್ನು ಓದುವುದು ಪಾರ್ಸರ್ ಕೆಲಸದ ಅರ್ಧ ಮಾತ್ರ. ಜನ ಅದಕ್ಕೆ ಹೆಚ್ಚಾಗಿ ಕೊಡುವುದು ತಪ್ಪಿರುವ ಪ್ರೋಗ್ರಾಮನ್ನೇ. ಎಲ್ಲಿ, ಏನು ತಪ್ಪಿದೆ ಎಂದು ಮನುಷ್ಯರಿಗೆ ಅರ್ಥವಾಗುವಂತೆ ಹೇಳುವುದು ಕೈಯಲ್ಲಿ ಬರೆದ ಪಾರ್ಸರ್‌ಗೆ ಸುಲಭ.

ದ್ವಂದ್ವಾರ್ಥದ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಒಂದು ವ್ಯಾಕರಣದಲ್ಲಿ ಒಂದೇ ವಾಕ್ಯಕ್ಕೆ ಎರಡು ಅನ್ವಯ ಸಾಧ್ಯವೇ ಎಂದು ಯಾವ ವ್ಯಾಕರಣ ಕೊಟ್ಟರೂ ಹೇಳಬಲ್ಲ ಸಾಮಾನ್ಯ ವಿಧಾನ ಇಲ್ಲ, ಇರಲಾರದು. 1960ರ ದಶಕದ ಆರಂಭದಲ್ಲೇ ಇದು ಸಾಬೀತಾಗಿದೆ.

ಪದಗಳಿಗೆ ಸೀಮಿತ ಸ್ಥಿತಿ, ವಾಕ್ಯಗಳಿಗೆ ಸ್ಟ್ಯಾಕ್ ಎಂದು ಇಷ್ಟು ಅಚ್ಚುಕಟ್ಟಾಗಿ ಪಾಲು ಹಂಚಿದ ಮೇಲೆ ತಕರಾರು ಎಲ್ಲಿಂದ ಬಂತು? ರೆಜೆಕ್ಸ್ ಮನೆ ಬಿಟ್ಟು ಹೊರಟದ್ದರಿಂದ. ಕೆನ್ ಥಾಂಪ್ಸನ್ 1968ರಲ್ಲಿ ರೆಜೆಕ್ಸ್ ಬಳಸಿ ಪಠ್ಯದಲ್ಲಿ ಹುಡುಕುವ ವಿಧಾನ ಪ್ರಕಟಿಸಿದರು. ಒಂದು ಅಕ್ಷರ ಓದಿದಾಗ ಯಂತ್ರ ಯಾವ ಯಾವ ಸ್ಥಿತಿಯಲ್ಲಿರಬಹುದೋ ಆ ಎಲ್ಲವನ್ನೂ ಒಟ್ಟಿಗೆ ಹಿಡಿದುಕೊಂಡು ಮುಂದಿನ ಅಕ್ಷರಕ್ಕೆ ಹೋಗುವುದು ಅದರ ಗುಟ್ಟು. ಹಿಂದಕ್ಕೆ ಬರುವ ಮಾತೇ ಇಲ್ಲ. ಪಠ್ಯ ಎರಡು ಪಟ್ಟು ಉದ್ದವಾದರೆ ಸಮಯವೂ ಎರಡು ಪಟ್ಟು, ಅಷ್ಟೇ. ಆದರೆ ಪರ್ಲ್‌ನಿಂದ ಮೊದಲುಗೊಂಡು ಜನಪ್ರಿಯ ಭಾಷೆಗಳಲ್ಲಿ ಹೆಚ್ಚಿನವು ಇನ್ನೊಂದು ದಾರಿ ಹಿಡಿದವು. ಒಂದು ಸಾಧ್ಯತೆ ಹಿಡಿದು ಹೋಗು, ಸಿಗದಿದ್ದರೆ ಹಿಂದೆ ಬಂದು ಇನ್ನೊಂದನ್ನು ಹಿಡಿ. ಇದರಿಂದ ‘ಮೊದಲು ಸಿಕ್ಕ ಪದವೇ ಇಲ್ಲಿ ಮತ್ತೆ ಬರಲಿ’ ಎಂಬಂಥ ಕ್ಲೀನಿಯ ಯಂತ್ರಕ್ಕೆ ನಿಲುಕದ ಸೌಲಭ್ಯಗಳನ್ನು ಕೊಡಲು ಸಾಧ್ಯವಾಯಿತು. ಬೆಲೆ ಏನು ಎಂಬುದು ತಡವಾಗಿ ತಿಳಿಯಿತು.

2016ರ ಜುಲೈ 20ರಂದು ಪ್ರೋಗ್ರಾಮರುಗಳೇ ಹೆಚ್ಚಾಗಿ ಬಳಸುವ ಸ್ಟ್ಯಾಕ್ ಓವರ್‌ಫ್ಲೋ ತಾಣ 34 ನಿಮಿಷ ನಿಂತುಹೋಯಿತು. ಕಾರಣ, ಸಾಲಿನ ಎರಡೂ ತುದಿಯ ಖಾಲಿ ಜಾಗವನ್ನು ಕತ್ತರಿಸುವ ಒಂದು ಪುಟ್ಟ ರೆಜೆಕ್ಸ್. ಯಾರೋ ಬರೆದ ಬರಹದ ಒಂದು ಸಾಲಿನ ನಡುವೆ ಸುಮಾರು 20,000 ಖಾಲಿ ಅಕ್ಷರಗಳು ಸಾಲಾಗಿ ಬಿದ್ದಿದ್ದವು. ಯಂತ್ರ ಮೊದಲ ಖಾಲಿ ಅಕ್ಷರದಿಂದ ಹೊರಟು ಇಪ್ಪತ್ತು ಸಾವಿರವನ್ನೂ ದಾಟಿ, ಇಲ್ಲಿ ಸಾಲು ಮುಗಿದಿಲ್ಲವಲ್ಲ ಎಂದು ಹಿಂದಿರುಗಿತು. ಎರಡನೆಯದರಿಂದ ಹೊರಟು 19,999 ದಾಟಿ ಮತ್ತೆ ಹಿಂದಿರುಗಿತು. ಮೂರನೆಯದರಿಂದ 19,998. ಕೂಡಿಸಿದರೆ ಸುಮಾರು 20 ಕೋಟಿ ಹೆಜ್ಜೆ. ಆ ಬರಹ ಮುಖಪುಟದ ಪಟ್ಟಿಗೆ ಬಂದದ್ದೇ ತಡ, ಮುಖಪುಟ ತೆರೆದವರಿಗೆಲ್ಲ ಈ ಲೆಕ್ಕ ಹೊಸದಾಗಿ ನಡೆಯಿತು. ಸರ್ವರುಗಳು ಜೀವಂತವಾಗಿವೆಯೇ ಎಂದು ನೋಡಲು ಬಳಸುತ್ತಿದ್ದದ್ದೂ ಅದೇ ಮುಖಪುಟವನ್ನು. ಉತ್ತರ ಬಾರದ ಸರ್ವರುಗಳನ್ನೆಲ್ಲ ವ್ಯವಸ್ಥೆ ತಾನೇ ಸಾಲಿನಿಂದ ಹೊರಗಿಟ್ಟಿತು. 2019ರ ಜುಲೈ 2ರಂದು, ಬೇರೆ ತಾಣಗಳಿಗೆ ಕಾವಲು ಒದಗಿಸುವ ಕ್ಲೌಡ್‌ಫ್ಲೇರ್ ಕಂಪನಿಯದೂ ಇದೇ ಬಗೆಯ ಕತೆ. ‘ಏನಾದರೂ ಎಷ್ಟಾದರೂ’ ಎಂಬ ತುಣುಕನ್ನು ಎರಡು ಸಲ ಒಟ್ಟೊಟ್ಟಿಗೆ ಬರೆದ ಒಂದು ನಿಯಮ ಜಗತ್ತಿನಾದ್ಯಂತ ಅವರ ಯಂತ್ರಗಳ ಪ್ರೊಸೆಸರ್ ಶಕ್ತಿಯನ್ನೆಲ್ಲ ಹೀರಿತು, ಅವರನ್ನು ನೆಚ್ಚಿದ ತಾಣಗಳು 27 ನಿಮಿಷ ನರಳಿದವು. ಆಮೇಲೆ ಆ ಕಂಪನಿ ಹಿಂದಿರುಗದ ರೆಜೆಕ್ಸ್ ಯಂತ್ರಕ್ಕೆ ಬದಲಾಗುವುದಾಗಿ ಪ್ರಕಟಿಸಿತು. ಥಾಂಪ್ಸನ್ ಪರಿಹಾರ ಬರೆದು ಆಗ ಅರ್ಧ ಶತಮಾನ ಆಗಿತ್ತು.

ರೆಜೆಕ್ಸ್ ಮಾಡುವ ಈ ಕೆಲಸಕ್ಕೆ ಪ್ಯಾಟರ್ನ್ ಮ್ಯಾಚಿಂಗ್ ಎನ್ನುತ್ತಾರೆ, ಆದರೆ ಪ್ಯಾಟರ್ನ್ ಮ್ಯಾಚಿಂಗ್ ಎಂದರೆ ಇದೊಂದೇ ಅಲ್ಲ. ಪಾರ್ಸರ್ ಕಟ್ಟಿದ ಮರವನ್ನು ಆಕಾರ ನೋಡಿ ಗುರುತಿಸುವ ಇನ್ನೊಂದು ಬಗೆಯಿದೆ. ಅದು ಎಡಿನ್‌ಬರೊದಲ್ಲಿ ಬೆಳೆದ ವಿದ್ಯೆ. 1970ರ ದಶಕದಲ್ಲಿ ರಾಬಿನ್ ಮಿಲ್ನರ್ ಅವರ ಎಮ್‌ಎಲ್, 1980ರಲ್ಲಿ ಬರ್ಸ್ಟಾಲ್, ಮೆಕ್‌ಕ್ವೀನ್, ಸನೆಲಾ ಅವರ ಹೋಪ್ ಭಾಷೆ. ‘ಮರದ ಬುಡ ಗುಣಾಕಾರವಾಗಿದ್ದು ಒಂದು ಕೊಂಬೆ 1 ಆಗಿದ್ದರೆ, ಇನ್ನೊಂದು ಕೊಂಬೆಯನ್ನೇ ಇಟ್ಟುಕೊ’ ಎಂದು ಒಂದು ಸಾಲಿನಲ್ಲಿ ಬರೆಯಬಹುದು. ಅಕ್ಷರ, ಖಾಲಿ ಜಾಗ, ಆವರಣ ಯಾವುದೂ ಈ ಹಂತದಲ್ಲಿ ಉಳಿದಿಲ್ಲ, ಆಕಾರ ಮಾತ್ರ ಉಳಿದಿದೆ. ‘ಒಂದು ಕೊಂಬೆ 0 ಆಗಿದ್ದರೆ ಇಡೀ ಮರವನ್ನು 0 ಮಾಡು’ ಎಂದೂ ಬರೆಯುವ ಆಸೆಯಾಗುತ್ತದೆ. ಪೂರ್ಣಾಂಕಗಳಲ್ಲಿ ಸರಿ, ದಶಮಾಂಶಗಳಲ್ಲಿ ಬೇಡ. ಅಲ್ಲಿ ಅನಂತ ಎಂಬ ಬೆಲೆಯೂ ಇದೆ, ಅದನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ ಬರುವುದಿಲ್ಲ. ಈ ಬಗೆಯ ಮ್ಯಾಚಿಂಗ್‌ನ ದೊಡ್ಡ ಉಪಕಾರ ಬೇರೆಯೇ ಇದೆ. ನೀವು ಎಣಿಸಲು ಮರೆತ ಆಕಾರ ಯಾವುದೆಂದು ಕಂಪೈಲರ್ ಹೇಳುತ್ತದೆ. ರಸ್ಟ್‌ನಂಥ ಭಾಷೆಯಲ್ಲಿ ಒಂದು ಸಾಧ್ಯತೆ ಬಿಟ್ಟುಹೋದರೆ ಪ್ರೋಗ್ರಾಮ್ ಸಿದ್ಧವಾಗುವುದೇ ಇಲ್ಲ. ಮುಖ್ಯವಾಹಿನಿಗೆ ಆಕಾರ ನೋಡುವ ಈ ಮ್ಯಾಚಿಂಗ್ ಬಂದದ್ದು ಮೊನ್ನೆ ಮೊನ್ನೆ. ಪೈಥಾನ್‌ಗೆ 2021ರಲ್ಲಿ, 3.10ನೆಯ ಆವೃತ್ತಿಯಲ್ಲಿ. ಜಾವಾಕ್ಕೆ 2023ರಲ್ಲಿ, 21ನೆಯ ಆವೃತ್ತಿಯಲ್ಲಿ.

ಕೊನೆಯದಾಗಿ ನಮ್ಮ ಅಕ್ಷರಗಳ ಮಾತು. ‘ಕನ್ನಡ’ ಎಂಬ ಪದದಲ್ಲಿ ನಾವು ಎಣಿಸುವುದು ಮೂರು ಅಕ್ಷರ. ಯೂನಿಕೋಡ್ ಎಣಿಸುವುದು ಐದು ಸಂಕೇತ: ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ, ಡ. ಪೈಥಾನ್ ಲೆಕ್ಸರ್ ಈ ಪದವನ್ನು ಚರದ ಹೆಸರಾಗಿ ಸಂತೋಷದಿಂದ ಒಪ್ಪುತ್ತದೆ. ಆದರೆ ಅದೇ ಪೈಥಾನ್ ಜೊತೆಗೆ ಬರುವ ರೆಜೆಕ್ಸ್ ಸಾಧನಕ್ಕೆ ‘ಇಲ್ಲಿರುವ ಪದಗಳನ್ನು ಹೆಕ್ಕು’ ಎಂದು ರೂಢಿಯ ಸಂಕೇತದಲ್ಲಿ ಹೇಳಿದರೆ ‘ಕನ’ ಮತ್ತು ‘ನಡ’ ಎಂಬ ಎರಡು ತುಂಡು ಕೊಡುತ್ತದೆ. ಅರ್ಧಾಕ್ಷರದ ಚಿಹ್ನೆಯೂ ಸ್ವರಚಿಹ್ನೆಗಳೂ ಅದರ ಲೆಕ್ಕದಲ್ಲಿ ಪದದ ಭಾಗವಲ್ಲ. ಬೇರೆಯಾಗಿ ಹಾಕಿಕೊಳ್ಳಬಹುದಾದ ‘ರೆಜೆಕ್ಸ್’ ಎಂಬ ಹೆಸರಿನ ಇನ್ನೊಂದು ಮಾಡ್ಯೂಲ್ ಇದನ್ನು ಸರಿಯಾಗಿ ಓದುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಂತೂ ಆ ರೂಢಿಯ ಸಂಕೇತಕ್ಕೆ ಕನ್ನಡದ ಒಂದಕ್ಷರವೂ ಪದವಲ್ಲ.

‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರಕ್ಕೆ ಕಕಾರ ಒತ್ತಾಗಬಾರದೆಂದು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕುತ್ತೇವೆ. ಈ ಉಪನ್ಯಾಸದ ಅಚ್ಚುಪ್ರತಿಯಲ್ಲೂ ಅದು ಸಾಲುಸಾಲಿಗೆ ಇದೆ. ಪೈಥಾನ್ ಚರದ ಹೆಸರಿನಲ್ಲಿ ಅದಕ್ಕೆ ಪ್ರವೇಶವಿಲ್ಲ, ಜಾವಾಸ್ಕ್ರಿಪ್ಟ್‌ನಲ್ಲಿ ಇದೆ. ಸ್ಟ್ಯಾಕ್ ಓವರ್‌ಫ್ಲೋವನ್ನು ನಿಲ್ಲಿಸಿದ ರೆಜೆಕ್ಸ್ ಕತ್ತರಿಸಲು ಹೊರಟಿದ್ದ ಅಕ್ಷರಗಳ ಪಟ್ಟಿಯಲ್ಲಿ ಖಾಲಿ ಜಾಗದ ಪಕ್ಕದಲ್ಲೇ ಈ ಸಂಕೇತವೂ ಇತ್ತು. ಒಬ್ಬರಿಗೆ ಕಸ, ಇನ್ನೊಬ್ಬರಿಗೆ ಕಾಗುಣಿತ. ಅಂಕಿಗಳದ್ದು ಇನ್ನೂ ವಿಚಿತ್ರ. ‘೧೨೩’ ಎಂಬ ಪಠ್ಯವನ್ನು ಸಂಖ್ಯೆಯಾಗಿ ಬದಲಿಸು ಎಂದು ಪೈಥಾನ್‌ಗೆ ಹೇಳಿದರೆ ನೂರ ಇಪ್ಪತ್ತಮೂರು ಎಂದು ಸರಿಯಾಗಿ ಕೊಡುತ್ತದೆ. ಅದನ್ನೇ ಪ್ರೋಗ್ರಾಮಿನ ಸಾಲಿನಲ್ಲಿ ಸಂಖ್ಯೆಯಾಗಿ ಬರೆದರೆ ತಪ್ಪು ಎನ್ನುತ್ತದೆ. ಇನ್ನು ‘ಸೂರ್ಯ’ ಮತ್ತು ‘ಸೂರ‍್ಯ’. ಒಂದರಲ್ಲಿ ಅರ್ಕಾವತ್ತು, ಇನ್ನೊಂದರಲ್ಲಿ ರಕಾರಕ್ಕೆ ಯಕಾರದ ಒತ್ತು. ಓದುಗನಿಗೆ ಒಂದೇ ಪದ, ಹುಡುಕುವ ಯಂತ್ರಕ್ಕೆ ಎರಡು ಬೇರೆ ಬೇರೆ ಸಾಲು.

ಇವು ಯಾರೋ ಕನ್ನಡದ ಮೇಲೆ ಹಗೆಯಿಂದ ಮಾಡಿದವಲ್ಲ. ಲೆಕ್ಸರ್ ಬರೆದವರ, ರೆಜೆಕ್ಸ್ ಬರೆದವರ ಪರೀಕ್ಷಾ ಸಾಲುಗಳಲ್ಲಿ ಇಂಥ ಪದಗಳು ಇರಲಿಲ್ಲ, ಅಷ್ಟೇ. ಒತ್ತಕ್ಷರ, ಅರ್ಕಾವತ್ತು, ಕಾಣದ ಸಂಕೇತ, ಕನ್ನಡದ ಅಂಕಿ, ಸಂಧಿಯಾದ ಪದ, ಇವೆಲ್ಲ ಇರುವ ನೂರು ಸಾಲುಗಳ ಒಂದು ಪರೀಕ್ಷಾ ಪಟ್ಟಿ ಸಾಕು. ಯಾವ ಪದಗಳು ಬೇಕೆಂದು ಕನ್ನಡ ವಿಭಾಗಕ್ಕೆ ಗೊತ್ತು, ಅದನ್ನು ಯಂತ್ರಕ್ಕೆ ಹೇಗೆ ಉಣಿಸಬೇಕೆಂದು ಗಣಕವಿಜ್ಞಾನ ವಿಭಾಗಕ್ಕೆ ಗೊತ್ತು. ಎರಡೂ ವಿಭಾಗ ಕೂಡಿ ಈ ವರ್ಷವೇ ಆ ಪಟ್ಟಿ ಮಾಡಿ, ಯಾರು ಬೇಕಾದರೂ ಬಳಸುವಂತೆ ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ.